ಅಟ್ಟದ ಕಾಯಿ ಇನ್ನೂ ಆಗಿಲ್ಲ

ನಾನು ಮೂಲತಃ ಕ್ವಾರ್ಟರ್ಸಿನ ಪ್ರಾಣಿ. ಅಪ್ಪ ರೈಲ್ವೆಯಲ್ಲಿದ್ದರು, ಆದ್ದರಿಂದ ಹುಟ್ಟಿದ್ದೂ ಕ್ವಾರ್ಟರ್ಸಿನಲ್ಲೇ, ಆಡಿ ಬೆಳೆದದ್ದೂ ಅಲ್ಲೇ. ಆಮೇಲೆ ನಾನೂ ರೈಲ್ವೆ ಸೇರಿ, ಅರಸೀಕೆರೆ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತನಾಗಿ, ಮದುವೆಯಾಗಿ, ಹೆಂಡತಿಯನ್ನು ಕರೆತಂದು ಇಳಿಸಿದ್ದೂ ಇನ್ನೊಂದು ಕ್ವಾರ್ಟರ್ಸಿನಲ್ಲೇ. ಕ್ವಾರ್ಟರ್ಸಿನ ಸುಖ ಅನುಭವಿಸಿದವರಿಗೇ ಗೊತ್ತು. ಹೆಂಚು ಒಡೆದರೆ ಒಂದು ಅರ್ಜಿ ಬರೆದು ಹಾಕಿದರಾಯಿತು. ಯಾರೂ ಬರುವುದಿಲ್ಲ, ಅದು ಬೇರೆ ಮಾತು. ಆದರೆ ಸೋರುವ ಹೆಂಚಿನ ಕೆಳಗೆ ಪಾತ್ರೆಯಿಟ್ಟು ಮಲಗುವಾಗ, ಇದು ನನ್ನ ತಪ್ಪಲ್ಲ ಎಂಬ ನೆಮ್ಮದಿಯಿಂದ ಗೊರಕೆ ಹೊಡೆಯಬಹುದು. ಹೀಗೆ ಬೆಳೆದವನಿಗೆ ಮನೆ ಕೊಳ್ಳುವುದೆಂದರೆ ಟಿಕೆಟ್ ಕೊಂಡಂತೆ ಎಂಬ ಕಲ್ಪನೆಯಿತ್ತು. ಕಿಟಕಿಯಲ್ಲಿ ದುಡ್ಡು ಕೊಡುವುದು, ಚೀಟಿ ತೆಗೆದುಕೊಳ್ಳುವುದು, ಹೋಗಿ ಕೂರುವುದು. ನಮ್ಮ ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಚೀಟಿ ತೋರಿಸಿದ ಕೂಡಲೇ ಎದ್ದು ಹೋಗುತ್ತಾರೆ. ಹಾಗೆ ಕೂತವನು ಏಳುವ ಮೊದಲು ನಮ್ಮ ಕಣ್ಣಲ್ಲಿ ನೀರನ್ನೂ ತರಿಸಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಹೆಂಡತಿ ವಿಶಾಲಾಕ್ಷಿ ಬಾಣಾವರದ ತೋಟದ ಮನೆಯ ಹೆಣ್ಣುಮಗಳು. ಮನೆ ಎಂದರೆ ಅಜ್ಜನ ಕಾಲದ್ದು, ಗೋಡೆಗೆ ಬೇಕಾದಲ್ಲಿ ಮೊಳೆ ಹೊಡೆಯಬಹುದಾದದ್ದು ಎಂದು ತಿಳಿದು ಬೆಳೆದವಳು. ಅಂಥವಳನ್ನು ಕಟ್ಟಿಕೊಂಡು ಬಂದು ನಂಬರು ಹಾಕಿದ ಬಾಗಿಲೊಳಗೆ ಕೂರಿಸಿದೆ. ಒಂದೊಂದು ಕ್ವಾರ್ಟರ್ಸಿನಲ್ಲೂ ಅವಳು ಕರಿಬೇವಿನ ಗಿಡ ನೆಡುವಳು, ಅದು ಎದೆಮಟ್ಟ ಬೆಳೆಯುವ ಹೊತ್ತಿಗೆ ನನಗೆ ವರ್ಗವಾಗುವುದು, ಒಗ್ಗರಣೆಯ ಪುಣ್ಯ ಮುಂದೆ ಬಂದವರಿಗೆ ಸಿಗುವುದು. ಇಷ್ಟಾಗಿಯೂ ಅವಳು ಜಗಳವಾಡಿದವಳಲ್ಲ. ಊರೂರು ಸುತ್ತಿ ಮತ್ತೆ ಅರಸೀಕೆರೆಗೇ ಬಂದು, ನಿವೃತ್ತಿ ಹತ್ತಿರವಾದಾಗ ಮಾತ್ರ ಒಂದೇ ಮಾತು ಹೇಳಿದಳು. ಇನ್ನು ಮೇಲೆ ನಾನು ಕೂತಿರುವ ಜಾಗದಿಂದ ಯಾರೂ ನನ್ನನ್ನು ಏಳಿ ಅನ್ನಬಾರದು. ಹಾಸನದಲ್ಲಿರುವ ಮಗಳು ನಮ್ಮ ಜೊತೆಗೇ ಬಂದುಬಿಡಿ ಎಂದು ಕರೆದರೆ, ಅಲ್ಲೂ ಅಳಿಯಂದಿರು ಕೂತ ಸೋಫಾ ಅಲ್ಲವೇನೇ ಎಂದು ನಕ್ಕು ಫೋನಿಟ್ಟಳು. ನಗುತ್ತಿದ್ದಳು, ಆದರೆ ಆಮೇಲೆ ಬಹಳ ಹೊತ್ತು ಸೆರಗಿನ ತುದಿಯನ್ನು ಮಡಿಸುತ್ತ ಕೂತಿದ್ದಳು. ಮಾರನೆಯ ದಿನದಿಂದಲೇ ನಾನು ಮನೆ ಹುಡುಕತೊಡಗಿದೆ.

ಪಾರ್ಸೆಲ್ ಆಫೀಸಿಗೆ ಕೊಬ್ಬರಿ ಚೀಲ ಹಾಕಲು ಬರುತ್ತಿದ್ದವರೊಬ್ಬರು ಮರುಳಪ್ಪನವರ ಮನೆಯ ವಿಷಯ ಹೇಳಿದರು. ಸಂತೆ ಬೀದಿಯ ಹಿಂದಿನ ಗಲ್ಲಿಯಲ್ಲಿ ಹಳೆಯ ಮನೆ. ಮರುಳಪ್ಪನವರು ಜೀವಮಾನವಿಡೀ ಕೊಬ್ಬರಿ ವ್ಯಾಪಾರ ಮಾಡಿದವರು. ಹೆಂಡತಿ ಗಿರಿಜಮ್ಮ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಾಣಾವರದಲ್ಲಿದ್ದ ತಮ್ಮ ತನ್ನ ಪಾಲು ಕೇಳಿದ್ದರಿಂದ ಮನೆ ಮಾರಿ, ತಮ್ಮನ ಮನೆಗೇ ಹೋಗಿ ಇರುವುದೆಂದು ಹಿರಿಯರು ಕೂತು ತೀರ್ಮಾನ ಮಾಡಿಸಿದ್ದರು. ತೀರ್ಮಾನಕ್ಕೆ ಮರುಳಪ್ಪನವರ ಬಾಯಿ ಒಪ್ಪಿತ್ತು. ಉಳಿದ ಮರುಳಪ್ಪನವರು ಒಪ್ಪಿರಲಿಲ್ಲ ಎನ್ನುವುದು ಹೋದವರಿಗೆಲ್ಲ ತಿಳಿಯುತ್ತಿತ್ತು. ನಮಗಿಂತ ಮುಂಚೆ ಮನೆ ನೋಡಲು ಬಂದ ಒಬ್ಬರು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರಂತೆ. ಇದೇನು ಮಡಕೆಯೇ, ಹೊರಡಿ ಎಂದರಂತೆ ಮರುಳಪ್ಪನವರು. ಇನ್ನೊಬ್ಬರ ಮನೆಯಾಕೆ ಟೀವಿ ಎಲ್ಲಿಡುವುದು ಎಂದು ಕೇಳಿದ್ದೇ ತಪ್ಪಾಯಿತಂತೆ. ನಾವು ಹೋದಾಗ ನಾನು ಭಯದಿಂದ ಕೈಕಟ್ಟಿ ನಿಂತಿದ್ದೆ. ವಿಶಾಲಾಕ್ಷಿಗೆ ಮಂಡಿನೋವು, ಅವಳು ಒಂದು ಮಾತೂ ಆಡದೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮರುಳಪ್ಪನವರು ಅವಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಿಮಗೇ ಕೊಡ್ತೀನಿ ಎಂದರು. ನನ್ನ ಸಭ್ಯತೆಗೆ ಮೆಚ್ಚಿದರೆಂದೇ ನಾನು ತಿಳಿದುಕೊಂಡಿದ್ದೆ.

ಮನೆ ತೋರಿಸುವವರು ಸಾಮಾನ್ಯವಾಗಿ ಕುಂದುಗಳನ್ನು ಮುಚ್ಚಿಡುತ್ತಾರೆ. ಮರುಳಪ್ಪನವರದು ತಿರುವುಮುರುವು. ಅಪ್ಪನ ಕಾಲದಲ್ಲಿ ಲೈಸೆನ್ಸ್ ಪಡೆದು ಕಟ್ಟಿದ ಭಾಗವನ್ನೆಲ್ಲ ಮೂಗು ಮುರಿಯುತ್ತ ದಾಟಿಸಿಕೊಂಡು ಹೋಗಿ, ತಾವೇ ಯಾರನ್ನೂ ಕೇಳದೆ ಕಟ್ಟಿಸಿದ್ದನ್ನೆಲ್ಲ ನಿಂತು ತೋರಿಸಿದರು. ನಡುವೆ ತೊಟ್ಟಿಯಿತ್ತಂತೆ, ಅದಕ್ಕೆ ಆರ್‌ಸಿಸಿ ಹಾಕಿ ಮುಚ್ಚಿದ್ದರು. ಮಳೆಗಾಲದಲ್ಲಿ ಪಾಚಿಯ ಮೇಲೆ ಗಿರಿಜಮ್ಮ ಜಾರಿ ಬಿದ್ದಿದ್ದೇ ಕಾರಣ. ಅಡುಗೆಮನೆಯ ಗೋಡೆಯ ಮೂಲೆಯಲ್ಲಿ ಒಂದು ತೂತು. ಗಿರಿಜಮ್ಮ ಬಿಕ್ಕೋಡಿನ ಕಡೆಯವರು, ಕಾಫಿ ಸೀಮೆಯವರು, ಬೀಜ ತಂದು ಮನೆಯಲ್ಲೇ ಹುರಿಯುತ್ತಿದ್ದರು, ಹೊಗೆ ಹೋಗಲು ಆ ತೂತು. ಕಿಟಕಿಯೊಂದನ್ನು ಒಡೆದು ಬಾಗಿಲು ಮಾಡಿದ್ದರು, ಬಾವಿಗೆ ಸುತ್ತು ಹಾಕಿ ಹೋಗುವುದು ಬೇಡವೆಂದು. ಇದೆಲ್ಲದರ ಕಿರೀಟವೆಂದರೆ ತಾರಸಿಯ ಮೇಲಿನ ಅಟ್ಟ. ಅದು ಮನೆಯ ಮೇಲಿಂದ ಗಲ್ಲಿಯ ಮೇಲಕ್ಕೆ ಚಾಚಿಕೊಂಡಿತ್ತು. ಹತ್ತಲು ಮೆಟ್ಟಿಲು ಗಲ್ಲಿಯೊಳಗೇ ಇಳಿದಿತ್ತು, ಒಂದೊಂದು ಮೆಟ್ಟಿಲೂ ಅಂಗೈ ಅಗಲ ಎತ್ತರ, ಚಿಕ್ಕ ಮಕ್ಕಳೂ ಹತ್ತುವಂತೆ. ನಾನು ಮೆಲ್ಲಗೆ, ಇದಕ್ಕೆ ಲೈಸೆನ್ಸ್ ಇದೆಯೇ ಎಂದು ಕೇಳಿದೆ.

"ಅವ್ಳಿಗೆ ಮಂಡಿ ನೋವಿತ್ತು ರೈಲ್ವೆಯೋರೆ," ಎಂದರು ಮರುಳಪ್ಪನವರು. "ಲೈಸೆನ್ಸ್ ತಗಂಡು ಏನ್ ಮಾಡ್ಲಿ, ಮಂಡಿಗೆ ಹಚ್ಚಲಾ?"

ಅಗ್ರಿಮೆಂಟ್ ಮಾಡಿಕೊಂಡು ಅಡ್ವಾನ್ಸ್ ಕೊಟ್ಟಾದ ಮೇಲೆ ನನ್ನ ಪರಿಚಯದ ಎಂಜಿನಿಯರರನ್ನು ಕರೆದುಕೊಂಡು ಹೋದೆ. ಈಗಿನ ಕಾಲದಲ್ಲಿ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ, ಖಾತೆಗೆ ಹೋದರೆ ಕಾಗದದ ಮೇಲಿನ ನಕ್ಷೆಗೂ ನೆಲದ ಮೇಲಿನ ಮನೆಗೂ ತಾಳೆ ಬೀಳಬೇಕು. ಎಂಜಿನಿಯರರು ಟೇಪು ಹಿಡಿದು ಅರ್ಧ ಗಂಟೆ ಓಡಾಡಿ, ನಕ್ಷೆಯನ್ನು ಉಲ್ಟಾ ಹಿಡಿದಿದ್ದೇನೆಯೇ ಎಂದು ಎರಡು ಸಲ ತಿರುಗಿಸಿ ನೋಡಿ, ಕೊನೆಗೆ ಜಗಲಿಯ ಮೇಲೆ ಕೂತುಬಿಟ್ಟರು. ಸಾರ್, ನಕ್ಷೆಯಲ್ಲಿರೋ ಮನೆ ಇಲ್ಲಿ ಇಲ್ಲ, ಇಲ್ಲಿರೋ ಮನೆ ನಕ್ಷೆಯಲ್ಲಿ ಇಲ್ಲ, ನೀವು ಯಾವುದಕ್ಕೆ ಅಡ್ವಾನ್ಸ್ ಕೊಟ್ಟಿದೀರಿ ಎಂದು ಕೇಳಿದರು. ತೊಟ್ಟಿ ಮುಚ್ಚಿದ್ದು, ಬಾಗಿಲು ಒಡೆದದ್ದು ಇವಕ್ಕೆಲ್ಲ ದಂಡ ಕಟ್ಟಿ ಸರಿಮಾಡಿಸಬಹುದು, ಆದರೆ ಗಲ್ಲಿಯ ಮೇಲೆ ಚಾಚಿರುವ ಅಟ್ಟ ಮತ್ತು ಗಲ್ಲಿಯೊಳಗಿನ ಮೆಟ್ಟಿಲು ಕೆಡವಲೇಬೇಕು, ಅದಾಗದೆ ಖಾತೆಯ ಮಾತೇ ಬೇಡ ಎಂದರು. ಮರುಳಪ್ಪನವರು ಸುಮ್ಮನಿರಲಿಲ್ಲ. ಹಳೇಬೀಡಿನಲ್ಲಿ ಅಷ್ಟು ದೊಡ್ಡ ಗುಡಿ ಗೋಪುರವೇ ಇಲ್ಲದೆ ನಿಂತಿದೆಯಲ್ಲ, ರಾಜನನ್ನು ಯಾರಾದರೂ ಕಂಪ್ಲೀಷನ್ ಸರ್ಟಿಫಿಕೇಟು ಕೇಳಿದರೇ ಎಂದು ಕೇಳಿದರು. ರಾಜರು ಗಲ್ಲಿಯೊಳಗೆ ಮೆಟ್ಟಿಲು ಇಳಿಸಿಲ್ಲ ಯಜಮಾನ್ರೇ ಎಂದು ಎಂಜಿನಿಯರರು ಕೈಮುಗಿದರು. ನನಗಂತೂ ನಗು ತಡೆಯಲಾಗಲಿಲ್ಲ. ಮರುಳಪ್ಪನವರು ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ಅಟ್ಟದ ಕಡೆ ನೋಡಿ, ಕೆಡವೋಣ, ಆದರೆ ಮೇಲೆ ಕಾಯಿ ಇದೆ, ಅದು ಕೊಬ್ಬರಿಯಾಗಲಿ ಎಂದರು.

ಇಲ್ಲಿ ನಮ್ಮ ಸೀಮೆಯ ಒಂದು ಪದ್ಧತಿ ಹೇಳಬೇಕು. ಬೇರೆ ಕಡೆ ತೆಂಗಿನಕಾಯಿ ಒಡೆದು ಬಿಸಿಲಿಗೆ ಹಾಕಿ ಕೊಬ್ಬರಿ ಮಾಡುತ್ತಾರಂತೆ. ನಮ್ಮಲ್ಲಿ ಹಾಗಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಕತ್ತಲಲ್ಲಿ ಬಿಟ್ಟುಬಿಡುವುದು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮೊದಮೊದಲು ನೀರಿನ ಸದ್ದು, ಆದ ಮೇಲೆ ಗುಂಡು ಉರುಳುವ ಸದ್ದು. ಆಗುವ ಮುಂಚೆ ಕಾಯಿ ಇಳಿಸುವುದೆಂದರೆ ಬಸುರಿಯನ್ನು ಎತ್ತಿನ ಗಾಡಿ ಹತ್ತಿಸಿದಷ್ಟು ದೊಡ್ಡ ಪಾಪ. ಅರಸೀಕೆರೆಯಲ್ಲಿ ಮದುವೆಯ ಮುಹೂರ್ತ ಮುಂದೆ ಹಾಕಬಹುದು, ಕೋರ್ಟಿನ ವಾಯಿದೆ ಮುಂದೆ ಹಾಕಬಹುದು, ಅಟ್ಟದ ಕಾಯಿಯನ್ನು ಅವಸರ ಮಾಡುವ ಧೈರ್ಯ ಯಾರಿಗೂ ಇಲ್ಲ. ಎಂಜಿನಿಯರರಿಗೆ ಹೆಣ್ಣು ಕೊಟ್ಟ ಮಾವನದು ತೆಂಗಿನ ತೋಟ. ಕಾಯಿ ಎಂದ ಕೂಡಲೇ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ಆಗಲಿ ಬಿಡಿ ಪಾಪ ಎಂದರು. ಪತ್ರ ಬರೆಯುವವರನ್ನು ಕೇಳಿದೆ, ಅವರೂ ಕಾಯಿ ಆಗಲಿ ಎಂದರು. ನಾನಂತೂ ಕೊಬ್ಬರಿಯನ್ನು ಚೀಲದ ತೂಕ, ಚೀಟಿಯ ಮೇಲಿನ ಊರು ಇಷ್ಟರಲ್ಲೇ ಬಲ್ಲವನು. ಎಷ್ಟೋ ಸಾವಿರ ಚೀಲ ಕೈದಾಟಿಸಿದ್ದೇನೆ, ಒಂದು ಕಾಯಿಯನ್ನೂ ಅಲ್ಲಾಡಿಸಿ ನೋಡಿದವನಲ್ಲ. ಅಟ್ಟದ ಕಾಯಿ ಯಾವ ವರ್ಷದ್ದು ಎಂದು ಕೇಳಬೇಕೆಂಬುದು ನಮ್ಮ ಯಾರೊಬ್ಬರ ತಲೆಗೂ ಹೊಳೆಯಲಿಲ್ಲ.

ಆಮೇಲೆ ಶುರುವಾಯಿತು ನನ್ನ ಅಲೆದಾಟ. ನಾನು ಹೋಗಿ ಕಾಯಿ ಏನಾಯಿತು ಎಂದು ಕೇಳುವುದು, ಮರುಳಪ್ಪನವರು ನನ್ನನ್ನು ಜಗಲಿಯ ಮೇಲೆ ಕೂರಿಸಿ, ಗಲ್ಲಿಯ ಮೆಟ್ಟಿಲು ಹತ್ತಿ ಅಟ್ಟದೊಳಗೆ ಹೋಗುವುದು, ಬಹಳ ಹೊತ್ತಾದ ಮೇಲೆ ಇಳಿದು ಬಂದು ಇನ್ನೂ ನೀರೈತೆ ಎನ್ನುವುದು. ಇಷ್ಟರಲ್ಲೇ ನಿಲ್ಲುತ್ತಿರಲಿಲ್ಲ. ಮನೆ ನನ್ನದಾಗುವ ಮೊದಲೇ ಆ ಮನೆಯಲ್ಲಿ ನಾನು ಹೇಗೆ ಬಾಳಬೇಕೆಂಬ ಪಾಠ. ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯಕೂಡದು. ಕಾಫಿ ಹುರಿಯುವ ತೂತಿಗೆ ಎಕ್ಸಾಸ್ಟ್ ಫ್ಯಾನು ಹಾಕಕೂಡದು. ಮುಂಬಾಗಿಲಿನ ಅಗುಳಿಯನ್ನು ಎಳೆದು ಹಾಕಬಾರದು, ಸ್ವಲ್ಪ ಎತ್ತಿ ಹಾಕಬೇಕು, ಇಲ್ಲದಿದ್ದರೆ ಅದಕ್ಕೆ ಬೇಜಾರಾಗುತ್ತದೆ. ಹೀಗೆ ಅಗುಳಿಯ ಬೇಜಾರನ್ನೆಲ್ಲ ಕೇಳಿಕೊಂಡು ಮನೆಗೆ ಬಂದರೆ ಅಲ್ಲಿ ನನ್ನ ಹೆಂಡತಿ ಮೂಟೆಗಳ ನಡುವೆ ಕೂತಿರುತ್ತಿದ್ದಳು. ನಿವೃತ್ತಿಯಾಗಿತ್ತು. ಕ್ವಾರ್ಟರ್ಸ್ ಬಿಡಲು ಕೊಟ್ಟ ಗಡುವು ಹತ್ತಿರ ಬರುತ್ತಿತ್ತು, ಬಿಡದಿದ್ದರೆ ಎಂಥ ಕಾಗದ ಬರುತ್ತದೆಂದು ಬೇರೆಯವರಿಗೆ ಬಂದಾಗ ನೋಡಿದ್ದೆ. ನಮ್ಮದೊಂದು ವಿಚಿತ್ರ ಸಂಸಾರವಾಗಿತ್ತು. ಬೆಳಿಗ್ಗೆ ಮೂಟೆ ಬಿಚ್ಚಿ ಬಾಣಲೆ ತೆಗೆಯುವುದು, ಒಗ್ಗರಣೆ ಹಾಕಿ ತೊಳೆದು ಮತ್ತೆ ಮೂಟೆ ಕಟ್ಟುವುದು. ಯಾಕೆ ಇನ್ನೂ ಆಗಿಲ್ಲವಂತೆ ಎಂದು ಅವಳು ಕೇಳುತ್ತಿರಲಿಲ್ಲ. ನಾನು ಚಪ್ಪಲಿ ಬಿಡುವ ರೀತಿಯಲ್ಲೇ ಅವಳಿಗೆ ಉತ್ತರ ಸಿಕ್ಕುತ್ತಿತ್ತು.

ಕೊನೆಗೆ ಗಡುವು ಮುಗಿಯಿತು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಸಾಮಾನೆಲ್ಲ ಒಬ್ಬ ಸಹೋದ್ಯೋಗಿಯ ಶೆಡ್ಡಿನಲ್ಲಿ, ನಾವಿಬ್ಬರು ಆ ಕೋಣೆಯಲ್ಲಿ. ಕಿಟಕಿ ತೆರೆದರೆ ಹೋಟೆಲಿನ ಹೊಗೆ, ಮುಚ್ಚಿದರೆ ಸೆಕೆ. ಒಂದು ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಕೋಣೆಯ ಮಾಲೀಕರು ಬಾಗಿಲಲ್ಲಿ ನಿಂತು, ಬೇಲೂರಿನಿಂದ ನಮ್ಮ ನೆಂಟರು ಬರ್ತಿದ್ದಾರೆ, ಎರಡು ದಿನ ಕೋಣೆ ಬಿಟ್ಟುಕೊಡೋಕಾಗುತ್ತಾ ಎಂದು ಕೇಳಿದರು. ವಿಶಾಲಾಕ್ಷಿ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲೇ ಇಟ್ಟಳು. ಅಳಲಿಲ್ಲ. ಆದರೆ ಅವಳು ಆ ತುತ್ತನ್ನು ಮತ್ತೆ ಎತ್ತಿಕೊಳ್ಳಲೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇವತ್ತು ಒಂದೋ ಕಾಯಿ ಇಳಿಯಬೇಕು, ಇಲ್ಲವೇ ಅಗ್ರಿಮೆಂಟ್ ಹರಿಯಬೇಕು ಎಂದು ಎದ್ದೆ. ನಾನೂ ಬರ್ತೀನಿ ಎಂದು ಅವಳೂ ಹೊರಟಳು.

ನಾನು ಸ್ವಭಾವತಃ ಜಗಳಗಂಟನಲ್ಲ. ಜಗಳವಾಡಬೇಕಾದಾಗ ರೂಲ್ಸು ಹೇಳುತ್ತೇನೆ, ಅದು ಜಗಳಕ್ಕಿಂತ ಕೆಟ್ಟದ್ದು ಎಂದು ನನ್ನ ಹೆಂಡತಿಯ ಅಭಿಪ್ರಾಯ. ಮರುಳಪ್ಪನವರ ಜಗಲಿಯಲ್ಲಿ ನಿಂತು ಅಗ್ರಿಮೆಂಟಿನ ಷರತ್ತುಗಳನ್ನು ಒಂದೊಂದಾಗಿ ಹೇಳತೊಡಗಿದೆ. ಅವರು ಒಂದಕ್ಕೂ ಉತ್ತರ ಕೊಡದೆ, ಕಂಬಕ್ಕೆ ಒರಗಿ ಕೂತು, ನೀರೈತೆ, ನೀರೈತೆ ಎಂದು ಅದೇ ಮಾತು ಹೇಳುತ್ತಿದ್ದರು. ನನ್ನ ಧ್ವನಿ ಏರಿತು. ಗಲ್ಲಿಯ ಕಿಟಕಿಗಳು ತೆರೆದುಕೊಂಡವು. ಈ ಗಲಾಟೆಯಲ್ಲಿ ವಿಶಾಲಾಕ್ಷಿ ನನ್ನ ಪಕ್ಕದಿಂದ ಸರಿದು, ಆ ಗಿಡ್ಡ ಮೆಟ್ಟಿಲುಗಳನ್ನು ಹತ್ತಿ ಅಟ್ಟದೊಳಗೆ ಹೋದದ್ದನ್ನು ನಾನು ಗಮನಿಸಲೇ ಇಲ್ಲ. ಮರುಳಪ್ಪನವರು ಗಮನಿಸಿದ್ದರು. ಅವರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರು, ಮುಖದ ಬಣ್ಣ ಹೋಯಿತು, ಮೆಟ್ಟಿಲ ಕಡೆಗೇ ನೋಡತೊಡಗಿದರು. ನನ್ನ ವಾದಕ್ಕೆ ಹೆದರಿದರೆಂದು ನಾನು ಇನ್ನೂ ಎರಡು ಷರತ್ತು ಜಾಸ್ತಿ ಹೇಳಿದೆ. ವಿಶಾಲಾಕ್ಷಿ ಗೋಡೆ ಹಿಡಿದುಕೊಂಡು ಇಳಿದು ಬಂದಳು. ಸೀರೆಯ ಮೇಲೆ ತೆಂಗಿನ ನಾರಿನ ಧೂಳು.

"ಇನ್ನೂ ನೀರಿದೆ ಕಣ್ರೀ," ಎಂದಳು ನನಗೆ. "ಅವರು ಹೇಳೋದು ಸರಿ. ಆಗಲಿ, ಹೋಗೋಣ ಬನ್ನಿ."

ತೋಟದ ಮನೆಯ ಹೆಣ್ಣೇ ಹೀಗೆಂದ ಮೇಲೆ ನನ್ನ ಷರತ್ತುಗಳಿಗೆ ಏನು ಬೆಲೆ? ಬಾಲ ಮುದುರಿಕೊಂಡು ಅವಳ ಹಿಂದೆ ನಡೆದೆ. ದಾರಿಯಲ್ಲಿ, ನೋಡು, ಸುಮ್ಮನೆ ಆ ಮನುಷ್ಯನನ್ನು ಬೈದುಬಿಟ್ಟೆ, ಪಾಪ ನಿಜವನ್ನೇ ಹೇಳುತ್ತಿದ್ದರು ಎಂದೆ. ಅವಳು ಹೂಂ ಎಂದಳು. ಅವತ್ತು ಸಂಜೆಯೇ ಕೋಣೆ ಬಿಟ್ಟು ಹಾಸನಕ್ಕೆ ಮಗಳ ಮನೆಗೆ ಹೋಗಿ, ಅಳಿಯಂದಿರ ಸೋಫಾದ ಮೇಲೆ ಕೂತೆವು.

ಮಾರನೆಯ ದಿನವೇ ಮರುಳಪ್ಪನವರ ಫೋನು ಬಂತು. ಕಾಯಿ ಇಳಿಸ್ತಾ ಇದೀನಿ, ಬನ್ನಿ ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ನಿನ್ನೆ ನೀರಿದ್ದ ಕಾಯಿ ಇವತ್ತು ಹೇಗಾಯಿತು ಎಂದು ನಾನು ಹೆಂಡತಿಯನ್ನು ಕೇಳಿದರೆ ಅವಳು ಅಡುಗೆಮನೆಯಲ್ಲಿ ಏನೋ ಹುಡುಕತೊಡಗಿದಳು. ನಾನೊಬ್ಬನೇ ಬಸ್ಸು ಹತ್ತಿ ಬಂದೆ. ಆಳುಗಳು ಅಟ್ಟದಿಂದ ಬುಟ್ಟಿ ಬುಟ್ಟಿ ಇಳಿಸಿ ಗಲ್ಲಿಯಲ್ಲಿ ಸುರಿಯುತ್ತಿದ್ದರು, ಸುರಿದಾಗೆಲ್ಲ ಕಾಯಿಯೊಳಗಿನ ಉಂಡೆಗಳು ಗಡಗಡ ಸದ್ದು ಮಾಡುತ್ತಿದ್ದವು. ಕಿವಿಗೆ ಹಿಡಿಯುವುದೇ ಬೇಡ, ಬೀದಿಯ ತುದಿಗೆ ಕೇಳಿಸುತ್ತಿತ್ತು. ಕಾಯಿ ಒಡೆದು ನೋಡಿದರೆ ಕೊಬ್ಬರಿ ಆಗಿ ಎಷ್ಟೋ ಕಾಲವಾಗಿ, ಬಹುಪಾಲು ಕಮಟು ಹಿಡಿದುಹೋಗಿತ್ತು. ಒಬ್ಬ ಆಳು, ಇದೇನ್ ಯಜಮಾನ್ರೇ, ಹೋದೊರ್ಸವೇ ಇಳಿಸ್ಬೇಕಾಗಿತ್ತು, ಎಲ್ಲಾ ಹಾಳಾಗೈತೆ ಎಂದ. ಕೊಬ್ಬರಿಯಲ್ಲೇ ಹುಟ್ಟಿ ಕೊಬ್ಬರಿಯಲ್ಲೇ ಮುದುಕರಾದ ಮರುಳಪ್ಪನವರು ಆ ಮಾತಿಗೆ ತಲೆ ಎತ್ತಲಿಲ್ಲ. ನನಗೆ ಒಂದು ಕ್ಷಣ ಸಿಟ್ಟು ನೆತ್ತಿಗೇರಿತು. ಹೆಂಡತಿ ತುತ್ತು ಬಿಟ್ಟು ಎದ್ದದ್ದು ನೆನಪಾಯಿತು. ಇದಕ್ಕೇನು ಹೇಳ್ತೀರಿ ಎಂದು ಅವರ ಮುಂದೆ ಹೋಗಿ ನಿಂತೆ.

"ಗಿರಿಜ ಕೈಯಾರೆ ಹಾಕಿದ್ ಕಾಯಿ ಇವು," ಎಂದರು ಅವರು. "ಆ ಸತಿ ಆಳು ಬಂದಿರ್ಲಿಲ್ಲ, ಮಂಡಿ ನೋವಲ್ಲೇ ಹತ್ತಿ ಹತ್ತಿ ಹಾಕಿದ್ಲು. ಆಮ್ಯಾಕೆ ಹೋಗ್ಬುಟ್ಲು. ಇವನ್ನ ಇಳಿಸ್ಬುಟ್ರೆ ಅವ್ಳ ಕೆಲ್ಸ ಎಲ್ಲಾ ಮುಗ್ದೋಯ್ತದಲ್ಲ ರೈಲ್ವೆಯೋರೆ."

ಹಾಗಾದರೆ ಇವತ್ತು ಯಾಕೆ ಇಳಿಸುತ್ತಿದ್ದೀರಿ ಎಂದು ಕೇಳಿದೆ.

"ನಿಮ್ಮನೆಯೋರು ನಿನ್ನೆ ನನ್ನ ಮುಂದೇನೆ ಸುಳ್ಳು ಹೇಳಿದ್ರಲ್ಲ, ಅದುಕ್ಕೆ. ಬಾಣಾವರದ ಹೆಣ್ಮಗಳಿಗೆ ಕಾಯಿ ಆಗಿರೋದು ಗೊತ್ತಾಗಕಿಲ್ವಾ? ಇರೋಕೆ ಒಂದು ಸೂರಿಲ್ದೋರು ನಂಗೋಸ್ಕರ ಸುಳ್ಳು ಹೇಳಿ, ಆ ಮೆಟ್ಲು ಇಳ್ದು ಹೋದ್ರು. ನಂಗೆ ನಿದ್ದೆ ಹತ್ಲಿಲ್ಲ."

ಅಟ್ಟ ಖಾಲಿಯಾದ ಮೇಲೆ ಮೇಲೆ ಹೋದೆವು. ಮೂಲೆಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಗೋಣಿತಾಟು, ಅದರ ಪಕ್ಕ ಒಂದು ಸಣ್ಣ ಸ್ಟೀಲ್ ಲೋಟ. ಗಿರಿಜಮ್ಮ ಕಾಯಿ ಹಾಕುವಾಗ ಅಲ್ಲಿ ಕೂತು ಕಾಫಿ ಕುಡಿದಿದ್ದರಂತೆ. ತಳದಲ್ಲಿ ಕಾಫಿ ಒಣಗಿ ಕಪ್ಪಾಗಿ ಅಂಟಿತ್ತು. ನಾನು ಕೇಳಲು ಹೋದಾಗೆಲ್ಲ ಮರುಳಪ್ಪನವರು ಅಷ್ಟು ಹೊತ್ತು ಮೇಲೆ ಏನು ಮಾಡುತ್ತಿದ್ದರೆಂದು ಆಗ ತಿಳಿಯಿತು; ಆ ತಾಟಿನ ಮುಂದೆ ಧೂಳಿನಲ್ಲಿ ಅವರು ಕೂತು ಕೂತು ಆದ ಗುರುತಿತ್ತು. ಅವರು ಲೋಟ ತೆಗೆದು, ತೊಳೆಯದೆ, ಪಂಚೆಯ ತುದಿಯಿಂದ ಹೊರಗಡೆ ಮಾತ್ರ ಒರೆಸಿ, ಜುಬ್ಬದ ಜೇಬಿಗೆ ಹಾಕಿಕೊಂಡರು. ನಾನು ಆ ಕಡೆ ತಿರುಗಿಕೊಂಡು ಗಲ್ಲಿಯ ಕಡೆ ಬಗ್ಗಿ, ಕೆಡವುವವರಿಗೆ ಯಾವಾಗ ಹೇಳೋಣ ಎಂಬಂಥ ಏನೋ ಒಂದು ಮಾತು ಆಡಿದೆ. ಕೆಟ್ಟ ಮಾತು, ಆದರೆ ಬೇರೆ ಮಾತು ಬರಲಿಲ್ಲ.

ಅಟ್ಟ ಕೆಡವುವುದು ಬೆಳಗಿನ ಕೆಲಸವಷ್ಟೇ ಆಯಿತು. ಮೆಟ್ಟಿಲು ಮಾತ್ರ ಗಟ್ಟಿಯಾಗಿತ್ತು, ಸುತ್ತಿಗೆಯವರು ಬೆವರು ಸುರಿಸಬೇಕಾಯಿತು. ಮರುಳಪ್ಪನವರು ಅದನ್ನು ನೋಡಲು ನಿಲ್ಲುತ್ತಾರೆ, ತಕರಾರು ತೆಗೆಯುತ್ತಾರೆ ಎಂದು ನಾನು ಉತ್ತರಗಳನ್ನೆಲ್ಲ ತಯಾರು ಮಾಡಿಕೊಂಡು ಹೋಗಿದ್ದೆ. ಅವರು ಬರಲೇ ಇಲ್ಲ. ದಂಡ ಕಟ್ಟಿದೆವು, ಖಾತೆ ಆಯಿತು, ರಿಜಿಸ್ಟ್ರೇಷನ್ ಆಯಿತು. ಹೆಬ್ಬೆಟ್ಟು ಒತ್ತುವ ಯಂತ್ರದ ಮೇಲೆ ಅವರ ಬೆರಳು ಎಷ್ಟು ಸಲ ಇಟ್ಟರೂ ಗುರುತು ಬೀಳಲಿಲ್ಲ. ಕಾಯಿ ಹಿಡಿದು ಹಿಡಿದು ಬೆರಳಿನ ಗೆರೆಯೆಲ್ಲ ಸವೆದುಹೋಗಿತ್ತು. ಅವರು ಬೇಕೆಂದೇ ಒತ್ತುತ್ತಿಲ್ಲವೇನೋ ಎಂದು ನನ್ನ ಹಾಳು ಬುದ್ಧಿ ಆ ಹೊತ್ತಿನಲ್ಲೂ ಅನುಮಾನಪಟ್ಟಿತು. ಹಾಲು ಉಕ್ಕಿಸಿದ ದಿನ ಅವರು ಬಂದು, ಹಾಲು ಎಡಗಡೆಗೆ ಉಕ್ಕಿತು, ಒಲೆ ಸರಿಯಿಟ್ಟಿಲ್ಲ ಎಂದು ಹೇಳಿ, ಊಟ ಮಾಡಿ, ಒಂದು ಚೀಲ ಹಿಡಿದುಕೊಂಡು ಬಾಣಾವರದ ಗಾಡಿ ಹತ್ತಿದರು. ನಾನೇ ಸ್ಟೇಷನ್ನಿಗೆ ಹೋಗಿ ಹತ್ತಿಸಿ ಬಂದೆ. ಕಿಟಕಿಯ ಪಕ್ಕ ಕೂತವರು ಊರಿನ ಕಡೆ ನೋಡಲಿಲ್ಲ, ಪಾರ್ಸೆಲ್ ಆಫೀಸಿನ ಮುಂದಿದ್ದ ಕೊಬ್ಬರಿ ಚೀಲಗಳನ್ನೇ ನೋಡುತ್ತಿದ್ದರು.

ವಾಪಸು ಬಂದು ವಿಶಾಲಾಕ್ಷಿಯನ್ನು ಕೇಳಿಯೇಬಿಟ್ಟೆ. ಅವತ್ತು ಕಾಯಿ ಆಗಿತ್ತು, ನಿನಗೆ ಗೊತ್ತಿತ್ತು, ಒಂದು ಮಾತು ನಿಜ ಹೇಳಿದ್ದರೆ ಅವತ್ತೇ ಮನೆ ನಮ್ಮದಾಗುತ್ತಿತ್ತಲ್ಲೇ, ಯಾಕೆ ಹಾಗೆ ಹೇಳಿದೆ? ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದಳು.

"ಇಳಿದು ಬರುವಾಗ ಅವರು ನನ್ನ ಮುಖಾನೇ ನೋಡ್ತಾ ಕೂತಿದ್ರು," ಎಂದಳು. "ಏನಂತ ಹೇಳ್ಲಿ?"

ಜಾಗದಿಂದ ಎಬ್ಬಿಸಿಕೊಂಡೇ ಬಾಳು ಸವೆಸಿದ ಹೆಂಗಸಿಗೆ ಇನ್ನೊಬ್ಬರನ್ನು ಎಬ್ಬಿಸುವ ಮಾತು ಬಾಯಿಗೆ ಬರಲಿಲ್ಲ. ಮನೆಯಿಲ್ಲದೆ ಒದ್ದಾಡಿದ್ದು ನಾನೂ ಹೌದು, ಆದರೆ ನನಗೆ ನೆನಪಿದ್ದದ್ದು ಷರತ್ತುಗಳು ಮಾತ್ರ.

ಮರುಳಪ್ಪನವರ ಕಾಟ ಅಲ್ಲಿಗೆ ಮುಗಿಯಿತೆಂದು ನೀವು ತಿಳಿದಿದ್ದರೆ ನಿಮಗೆ ಹಳೇ ಮನೆ ಕೊಂಡು ಅಭ್ಯಾಸವಿಲ್ಲ. ವಾರಕ್ಕೊಮ್ಮೆ ಬಾಣಾವರದಿಂದ ಬರುತ್ತಾರೆ. ಮಾರ್ಕೆಟ್ಟಿನಲ್ಲಿ ಕೆಲಸವಿತ್ತು ಎನ್ನುತ್ತಾರೆ. ಮಾರಲು ಅವರ ಬಳಿ ಈಗ ಒಂದು ಕಾಯಿಯೂ ಇಲ್ಲ. ಬಂದವರು ಬಾವಿ ಇಣುಕಿ ನೋಡಿ, ಅಗುಳಿ ಅಲ್ಲಾಡಿಸಿ ನೋಡಿ, ನಾನು ಮನೆಯನ್ನು ಹೇಗೆ ಹಾಳು ಮಾಡುತ್ತಿದ್ದೇನೆಂದು ವಿವರವಾಗಿ ಹೇಳುತ್ತಾರೆ. ನನಗೆ ರೇಗುತ್ತದೆ, ಇವತ್ತು ಬರಲಿ, ಖಾತೆ ಯಾರ ಹೆಸರಲ್ಲಿದೆ ಎಂದು ಕೇಳಿಯೇಬಿಡುತ್ತೇನೆ ಎಂದು ಪ್ರತಿ ಸಲ ಅಂದುಕೊಳ್ಳುತ್ತೇನೆ. ಆದರೆ ಅವರು ದಿನದಿಂದ ದಿನಕ್ಕೆ ಸೊರಗುತ್ತಿದ್ದಾರೆ. ತಮ್ಮನ ಮನೆಯಲ್ಲಿ ಎಲ್ಲ ಚೆನ್ನಾಗಿ ನೋಡಿಕೊಳ್ಳುತ್ತಾರಂತೆ, ಕೂರಲು ಕುರ್ಚಿಯನ್ನೇ ಕೊಡುತ್ತಾರಂತೆ. ಅದನ್ನು ಹೇಳುವಾಗ ಅವರ ಧ್ವನಿ ಇಳಿದುಹೋಗುತ್ತದೆ. ಸಂಜೆಯಾಗುತ್ತ ಬಂದ ಹಾಗೆ ಗೋಡೆಯ ಗಡಿಯಾರ ನೋಡುತ್ತಾರೆ, ಚೀಲ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ, ಗಾಡಿ ಹೊತ್ತಾಯ್ತೇನೋ ಎಂದು ರೈಲ್ವೆಯವನಾದ ನನ್ನನ್ನೇ ಕೇಳುತ್ತಾರೆ.

ನಾನು ಮೊಬೈಲು ತೆಗೆದು, ಕನ್ನಡಕ ಹಾಕಿಕೊಂಡು, ಬಹಳ ಗಂಭೀರವಾಗಿ ನೋಡಿ, ಪ್ಯಾಸೆಂಜರ್ ಇವತ್ತು ಲೇಟಂತೆ, ಕೂತಿರಿ ಎನ್ನುತ್ತೇನೆ. ಹೇಳುತ್ತಿರುವಾಗಲೇ ಜಂಕ್ಷನ್ನಿನ ಕಡೆಯಿಂದ ಅದೇ ಪ್ಯಾಸೆಂಜರು ಕೂಗಿಕೊಂಡು ಹೊರಡುವುದು ನಮ್ಮ ಮೂವರಿಗೂ ಸ್ಪಷ್ಟವಾಗಿ ಕೇಳಿಸುತ್ತದೆ. ಮರುಳಪ್ಪನವರು ಚೀಲವನ್ನು ಮತ್ತೆ ಗೋಡೆಗೆ ಒರಗಿಸುತ್ತಾರೆ. ಹಂಗಾದ್ರೆ ಇನ್ನೊಂದ್ ಲೋಟ ಕಾಫಿ ಆಗ್ಲಿ ತಾಯಿ ಎಂದು ಒಳಗೆ ಕೂಗುತ್ತಾರೆ. ಇಡೀ ಸರ್ವೀಸಿನಲ್ಲಿ ನನ್ನಿಂದಾಗಿ ಒಂದು ಗಾಡಿಯೂ ಲೇಟಾಗಿರಲಿಲ್ಲ, ಆ ಹೆಮ್ಮೆ ನನಗಿತ್ತು. ರಿಟೈರಾದ ಮೇಲೆ ವಾರಕ್ಕೊಂದು ಗಾಡಿ ಲೇಟ್ ಮಾಡಿಸುತ್ತಿದ್ದೇನೆ.